ತೋರಿಸುವ ಪಾಯಿಂಟ್, ಕೊಡುವ ಪಾಯಿಂಟ್: ವಿಡಿಯೋ ಗೇಮಿನ ಬೀಗಗಳು ತೆರೆಯುವುದು ಹೇಗೆ?

ಬೇಸಿಗೆ ರಜೆಗೆ ಬಂದಿದ್ದ ಅಕ್ಕನ ಮಗ ಸೋಫಾದ ಮೂಲೆಯಲ್ಲಿ ನನ್ನ ಫೋನ್ ಹಿಡಿದು ಕೂತಿದ್ದ. ಒಂದು ಗಂಟೆಯಾದರೂ ಏಳಲಿಲ್ಲ. ಊಟಕ್ಕೆ ಮೂರು ಸಲ ಕರೆದ ಮೇಲೆ, "ಇನ್ನೊಂಚೂರು ಕಾಯಿನ್ ಸೇರಿದ್ರೆ ಚಂದ್ರ ಓಪನ್ ಆಗತ್ತೆ, ತಡಿ ಮಾಮ" ಅಂದ. ಅಕ್ಕ ಅಡುಗೆಮನೆಯಿಂದ ಇಣುಕಿ ನನ್ನನ್ನೇ ಕೇಳಿದಳು: "ಅದೇನೋ ಓಪನ್ ಆಗೋದು? ದುಡ್ಡು ಗಿಡ್ಡು ಕಟ್ ಆಗಲ್ಲ ತಾನೇ?"

ಎರಡೂ ಒಳ್ಳೆಯ ಪ್ರಶ್ನೆಗಳೇ. ಆಡುವವರಿಗೆ ಇದನ್ನೆಲ್ಲ ಯಾರೂ ಹೇಳಿಕೊಡಬೇಕಿಲ್ಲ. ಆಡದವರಿಗೆ ಮಾತ್ರ ಕಾಯಿನ್, ಸ್ಟಾರ್, ಜೆಮ್, ಎಕ್ಸ್‌ಪಿ ಎಲ್ಲ ಸೇರಿ ಕಲಸುಮೇಲೋಗರ. ಹಾಗಾಗಿ ಅಕ್ಕನಿಗೆ ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಹುಡುಗ ಆಡುತ್ತಿದ್ದದ್ದು ಹಿಲ್ ಕ್ಲೈಂಬ್ ರೇಸಿಂಗ್. ಫಿನ್ಲೆಂಡಿನ ಫಿಂಗರ್‌ಸಾಫ್ಟ್ ಕಂಪನಿ 2012ರಲ್ಲಿ ಬಿಟ್ಟ ಆಟ. ನ್ಯೂಟನ್ ಬಿಲ್ ಅನ್ನೋ ಹುಡುಗ ಜೀಪಿನಲ್ಲಿ ಕೂತು ಗುಡ್ಡ ಹತ್ತುತ್ತಾನೆ, ಇಳಿಯುತ್ತಾನೆ. ಪೆಟ್ರೋಲ್ ಖಾಲಿಯಾದರೆ ಅಥವಾ ಜೀಪ್ ಮಗುಚಿ ಅವನ ತಲೆ ನೆಲಕ್ಕೆ ಬಡಿದರೆ ಆಟ ಮುಗಿಯಿತು. ದಾರಿಯಲ್ಲಿ ಕಾಯಿನ್ ಸಿಗುತ್ತವೆ. ಅವನ್ನು ಎರಡು ಕಡೆ ಖರ್ಚು ಮಾಡಬಹುದು. ಒಂದು, ಮರಳುಗಾಡು, ಚಂದ್ರ ಹೀಗೆ ಹೊಸ ಜಾಗಗಳನ್ನು ತೆರೆಯೋಕೆ. ಇನ್ನೊಂದು, ಇರುವ ಜೀಪಿನ ಇಂಜಿನ್, ಸಸ್ಪೆನ್ಷನ್, ಟೈರುಗಳನ್ನು ಚೆನ್ನಾಗಿ ಮಾಡಿಸೋಕೆ. ಮೊದಲನೆಯದಕ್ಕೆ ಅನ್‌ಲಾಕ್ ಅಂತಾರೆ, ಎರಡನೆಯದಕ್ಕೆ ಅಪ್‌ಗ್ರೇಡ್. ಪೆಟ್ಟಿಗೆ ಒಂದೇ, ಬಾಯಿ ಎರಡು. ಆಟದ ರುಚಿ ಇರುವುದೇ ಅಲ್ಲಿ.

ಮೊದಲು ಪಾಯಿಂಟ್ ಅಂದರೆ ಬರೀ ಲೆಕ್ಕ

ಪಾಯಿಂಟಿಗೆ ಏನಾದರೂ ಕೊಳ್ಳಬಹುದು ಅನ್ನೋದು ಶುರುವಿನಲ್ಲಿ ಇರಲಿಲ್ಲ. 1978ರಲ್ಲಿ ಜಪಾನಿನ ಟೈಟೊ ಕಂಪನಿಯ ಸ್ಪೇಸ್ ಇನ್ವೇಡರ್ಸ್ ಬಂದಾಗ ಪಾಯಿಂಟ್ ಅಂದರೆ ಕ್ರಿಕೆಟ್ಟಿನ ರನ್ನಿನ ಹಾಗೆ. ಎಷ್ಟು ಹೊಡೆದೆ, ಹಿಂದಿನವನಿಗಿಂತ ಜಾಸ್ತಿಯೋ ಕಮ್ಮಿಯೋ, ಅಷ್ಟೇ. 1980ರ ಪ್ಯಾಕ್‌-ಮ್ಯಾನ್‌ನಲ್ಲಿ ಸಾಮಾನ್ಯವಾಗಿ 10,000 ಪಾಯಿಂಟ್ ಆದರೆ ಒಂದು ಜೀವ ಜಾಸ್ತಿ ಸಿಗುತ್ತಿತ್ತು. 1985ರ ಸೂಪರ್ ಮಾರಿಯೊ ಬ್ರದರ್ಸ್‌ನಲ್ಲಿ 100 ನಾಣ್ಯಕ್ಕೆ ಒಂದು ಜೀವ. ಟಿವಿಗೆ ಚುಚ್ಚಿ, ಕ್ಯಾಸೆಟ್ ಊದಿ ಊದಿ ಹಾಕಿ ಆಡಿದವರಿಗೆಲ್ಲ ಇದು ನೆನಪಿರುತ್ತದೆ. ಪಾಯಿಂಟಿನಿಂದ ಏನೋ ಸಿಗುತ್ತಿತ್ತು ನಿಜ. ಆದರೆ ಏನು ಬೇಕು ಅಂತ ಆರಿಸೋಕೆ ಆಗುತ್ತಿರಲಿಲ್ಲ.

ಆರಿಸುವ ಅಭ್ಯಾಸ ಇನ್ನೊಂದು ದಾರಿಯಿಂದ ಬಂತು. 1974ರಲ್ಲಿ ಅಮೆರಿಕದಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನೋ ಆಟ ಬಂತು. ಕಂಪ್ಯೂಟರ್ ಇಲ್ಲ. ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಕಥೆ ಕಟ್ಟುತ್ತಾ ಆಡುವುದು. ಅದರಲ್ಲಿ ಪಾತ್ರಗಳಿಗೆ ಅನುಭವದ ಅಂಕಗಳಿದ್ದವು, ಅಂದರೆ ಎಕ್ಸ್‌ಪೀರಿಯನ್ಸ್ ಪಾಯಿಂಟ್. ಇಷ್ಟು ಸೇರಿದರೆ ನಿಮ್ಮ ಪಾತ್ರ ಒಂದು ಲೆವೆಲ್ ಮೇಲೆ. ಈಗ ಮಕ್ಕಳು ಎಕ್ಸ್‌ಪಿ ಅನ್ನೋದು ಇದನ್ನೇ. 1986ರಲ್ಲಿ ಜಪಾನಿನ ಡ್ರಾಗನ್ ಕ್ವೆಸ್ಟ್ ಈ ಎಕ್ಸ್‌ಪಿಯನ್ನೂ ಚಿನ್ನದ ನಾಣ್ಯವನ್ನೂ ಅಕ್ಕಪಕ್ಕ ಇಟ್ಟು ಮನೆಮನೆಯ ಟಿವಿಗೆ ತಂತು. ಒಂದು ನಿಮ್ಮನ್ನು ಬೆಳೆಸುತ್ತದೆ, ಇನ್ನೊಂದು ಅಂಗಡಿಯಲ್ಲಿ ಚಲಾವಣೆಯಾಗುತ್ತದೆ.

ಮಾರ್ಕ್ಸ್ ಬೇರೆ, ಪರ್ಸ್ ಬೇರೆ

ಈ ಒಂದು ವ್ಯತ್ಯಾಸ ತಲೆಗೆ ಹೋದರೆ ಅರ್ಧ ವಿಷಯ ಮುಗಿಯಿತು.

ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತೋರಿಸಿ ಪಿಯುಸಿಗೆ ಸೇರುತ್ತೀರಿ. ಸೇರಿದ ಮೇಲೂ ಆ ಮಾರ್ಕ್ಸ್ ನಿಮ್ಮ ಹತ್ತಿರವೇ ಇರುತ್ತದೆ. ನಾಳೆ ಇನ್ನೊಂದು ಕಡೆ ಮತ್ತೆ ತೋರಿಸಬಹುದು. ಆದರೆ ಕಾಲೇಜಿಗೆ ಕಟ್ಟಿದ ಫೀಸು ಹೋಯಿತು ಅಂದರೆ ಹೋಯಿತು. ಗೇಮಿನಲ್ಲೂ ಪಾಯಿಂಟ್ ಇದೇ ಎರಡು ಥರ. ನನ್ನ ಅನುಕೂಲಕ್ಕೆ ಒಂದನ್ನು ತೋರಿಸುವ ಪಾಯಿಂಟ್, ಇನ್ನೊಂದನ್ನು ಕೊಡುವ ಪಾಯಿಂಟ್ ಅಂತ ಕರೆಯುತ್ತೇನೆ.

ತೋರಿಸುವ ಪಾಯಿಂಟಿಗೆ 1996ರ ಸೂಪರ್ ಮಾರಿಯೊ 64 ಒಳ್ಳೆಯ ಉದಾಹರಣೆ. ಇಡೀ ಆಟ ಒಂದು ಅರಮನೆಯ ಸುತ್ತ ನಡೆಯುತ್ತದೆ. ಅರಮನೆಯ ಹಲವು ಬಾಗಿಲುಗಳಿಗೆ ನಕ್ಷತ್ರದ ಬೀಗ. ಒಂದಕ್ಕೆ 1 ನಕ್ಷತ್ರ ಸಾಕು, ಇನ್ನೊಂದಕ್ಕೆ 3 ಬೇಕು, ಮತ್ತೊಂದಕ್ಕೆ 8. ಕೊನೆಯ ಶತ್ರುವಿನ ಹತ್ತಿರ ಹೋಗೋಕೆ 70. ಬಾಗಿಲು ತೆರೆದಾಗ ನಕ್ಷತ್ರ ಒಂದೂ ಕಮ್ಮಿಯಾಗುವುದಿಲ್ಲ. ಆಟದಲ್ಲಿ ಒಟ್ಟು 120 ನಕ್ಷತ್ರ ಇವೆ, ಬೇಕಾದ್ದು 70. ಉಳಿದ 50 ಯಾಕೆ? ಅದೇ ಆಟಗಾರನಿಗೆ ಕೊಟ್ಟ ಸಡಿಲು. ನೀರಿನೊಳಗಿನ ನಕ್ಷತ್ರ ಎಷ್ಟು ಸಲ ಒದ್ದಾಡಿದರೂ ಸಿಗುತ್ತಿಲ್ವಾ? ಬಿಟ್ಟುಬಿಡಿ, ಹಿಮದ ಗುಡ್ಡದ್ದನ್ನು ತಗೊಳ್ಳಿ. ಬಾಗಿಲಿಗೆ ಬೇಕಿರುವುದು ಸಂಖ್ಯೆ, ಯಾವ ನಕ್ಷತ್ರ ಅನ್ನೋದು ಅಲ್ಲ. ಪರೀಕ್ಷೆಯಲ್ಲಿ ಎಂಟರಲ್ಲಿ ಯಾವುದಾದರೂ ಐದು ಪ್ರಶ್ನೆಗೆ ಉತ್ತರಿಸಿ ಅಂತಾರಲ್ಲ, ಆ ಥರ.

ಇಂಥ ಬೀಗ ನಮಗೇನೂ ಹೊಸದಲ್ಲ. ಚೌಕಾಬಾರ ಆಡಿದವರು ನೆನಪಿಸಿಕೊಳ್ಳಿ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ನಿಮ್ಮ ಕಾಯಿ ಒಳಸುತ್ತಿಗೆ ಹೋಗುವಂತಿಲ್ಲ. ಕವಡೆ ಎಷ್ಟೇ ಚೆನ್ನಾಗಿ ಬಿದ್ದರೂ ಹೊರಸುತ್ತಿನಲ್ಲೇ ತಿರುಗುತ್ತಿರಬೇಕು. ಒಮ್ಮೆ ಹೊಡೆದಿರೋ, ಆ ಪರವಾನಗಿ ಆಟ ಮುಗಿಯುವವರೆಗೂ ನಿಮ್ಮದೇ. ಅಜ್ಜಿ ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಬರೆದ ಮನೆಗಳಲ್ಲೂ ಒಂದು ಅನ್‌ಲಾಕ್ ಇತ್ತು, ಹೆಸರು ಇರಲಿಲ್ಲ ಅಷ್ಟೇ.

ಎರಡೂ ಥರ ಒಂದೇ ಆಟದಲ್ಲಿ ಹೆಣೆದುಕೊಳ್ಳುವುದೂ ಉಂಟು. 2017ರ ಜೆಲ್ಡಾ ಆಟ ಬ್ರೆತ್ ಆಫ್ ದಿ ವೈಲ್ಡ್‌ನಲ್ಲಿ ಗುಡಿಯಂಥ ಜಾಗಗಳಲ್ಲಿ ಒಗಟು ಬಿಡಿಸಿದರೆ ಒಂದೊಂದು ಆರ್ಬ್, ಅಂದರೆ ಗೋಳ, ಸಿಗುತ್ತದೆ. ನಾಲ್ಕು ಆರ್ಬ್ ಕೊಟ್ಟರೆ ಒಂದು ಹೃದಯ (ಆಟದಲ್ಲಿ ಜೀವದ ಅಳತೆ) ಜಾಸ್ತಿ ಮಾಡಿಕೊಳ್ಳಬಹುದು, ಇಲ್ಲವೇ ದಮ್ಮು ಜಾಸ್ತಿ ಮಾಡಿಕೊಳ್ಳಬಹುದು. ಇದು ಕೊಡುವ ಪಾಯಿಂಟ್. ಮುಂದೆ ಕಾಡಿನೊಳಗೆ ಒಂದು ಖಡ್ಗ ಕಲ್ಲಿನಲ್ಲಿ ನೆಟ್ಟಿರುತ್ತದೆ. ಅದನ್ನು ಕೀಳಬೇಕಾದರೆ ನಿಮಗೆ 13 ಹೃದಯ ಇರಬೇಕು. ಈಗ ಅದೇ ಹೃದಯಗಳು ತೋರಿಸುವ ಪಾಯಿಂಟ್ ಆದವು. ಅಡುಗೆ ಮಾಡಿ ತಿಂದು ತಾತ್ಕಾಲಿಕವಾಗಿ ಪಡೆದ ಹಳದಿ ಹೃದಯಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಸಾಲ ತಂದ ಒಡವೆ ನಡೆಯುವುದಿಲ್ಲ ಅಂದ ಹಾಗೆ. ಇನ್ನು ದಮ್ಮಿನ ಕಡೆ ಹೋದವರಿಗೆ ಎತ್ತರದ ಬಂಡೆ ಹತ್ತೋಕೆ ಆಗುತ್ತದೆ. ಅಪ್‌ಗ್ರೇಡೇ ಹೊಸ ಜಾಗದ ಬೀಗದ ಕೈ ಆಗಿಬಿಡುತ್ತದೆ.

ಬೀಗ ಯಾಕೆ ಹಾಕಬೇಕು?

ದುಡ್ಡು ಕೊಟ್ಟು ಕೊಂಡ ಆಟ, ಎಲ್ಲವನ್ನೂ ಮೊದಲೇ ತೆರೆದಿಡಬಹುದಲ್ವಾ? ಕಾರಣ ಸರಳ. ನಿನ್ನೆ ತಾನೇ ಸ್ಕೂಟರ್ ಕಲಿತವನನ್ನು ಯಾರೂ ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ಕಳಿಸುವುದಿಲ್ಲ. ಮೊದಲು ಮೈದಾನ, ಆಮೇಲೆ ಬಡಾವಣೆಯ ರಸ್ತೆ, ಆಮೇಲೆ ಮೇನ್ ರೋಡ್. ಮೊದಲ ಬಾಗಿಲು ತೆರೆಯುವಷ್ಟರಲ್ಲಿ ಎರಡನೇ ಕೋಣೆಗೆ ಬೇಕಾದ ಚಳಕ ಕೈಗೆ ಬಂದಿರಲಿ ಅನ್ನೋದು ಆಟ ಮಾಡಿದವರ ಲೆಕ್ಕ. ಇನ್ನೊಂದು ಕಾರಣ, ಆಟ ಬೇಗ ಮುಗಿಯಬಾರದು. ಮೂರನೆಯದು ಹೇಳೋಕೆ ಸ್ವಲ್ಪ ಜಾಗ ಬೇಕು, ಅದಕ್ಕೊಂದು ಆಟವನ್ನೇ ಬಿಚ್ಚಿ ನೋಡೋಣ.

ಸಾವಿರ ಪಾಯಿಂಟಿನ ಬಾಗಿಲು

2008ರಲ್ಲಿ ಬಂದ ಕಾಲ್ ಆಫ್ ಡ್ಯೂಟಿ: ವರ್ಲ್ಡ್ ಅಟ್ ವಾರ್‌ನಲ್ಲಿ ಟ್ರೆಯಾರ್ಕ್ ಕಂಪನಿಯವರು ಜಾಂಬಿಗಳ, ಅಂದರೆ ಎದ್ದು ಬರುವ ಹೆಣಗಳ, ಒಂದು ಆಟ ಸೇರಿಸಿದ್ದರು. ದೊಡ್ಡವರ ಆಟ, ಮಕ್ಕಳ ಕೈಗೆ ಕೊಡುವಂಥದ್ದಲ್ಲ. ಆದರೆ ಪಾಯಿಂಟಿನ ಲೆಕ್ಕ ಇಷ್ಟು ಸ್ಪಷ್ಟವಾಗಿ ಕಾಣುವ ಆಟ ನನಗೆ ಇನ್ನೊಂದು ಗೊತ್ತಿಲ್ಲ.

ನೀವು ಒಂದು ಪಾಳು ಕಟ್ಟಡದ ಕೋಣೆಯಲ್ಲಿದ್ದೀರಿ. ಕಿಟಕಿಗಳಿಗೆ ಹಲಗೆ ಹೊಡೆದಿದೆ. ಹೊರಗಿನಿಂದ ಜಾಂಬಿಗಳು ಹಲಗೆ ಕಿತ್ತು ಒಳಗೆ ಬರುತ್ತವೆ. ಕೈಯಲ್ಲಿ ಒಂದು ಪಿಸ್ತೂಲು, ಖಾತೆಯಲ್ಲಿ 500 ಪಾಯಿಂಟ್. ತಾಗಿದ ಪ್ರತಿ ಗುಂಡಿಗೆ 10 ಪಾಯಿಂಟ್. ತಲೆಗೆ ಹೊಡೆದು ಕೊಂದರೆ 100. ಹತ್ತಿರ ಹೋಗಿ ಚಾಕುವಿನಿಂದ ಕೊಂದರೆ 130. ಕಿತ್ತ ಹಲಗೆ ಮತ್ತೆ ಜೋಡಿಸಿದರೆ 10. ಕೋಣೆಯ ಒಂದು ಬಾಗಿಲು ತೆರೆಯೋಕೆ 1,000 ಪಾಯಿಂಟ್. ಆ ಬಾಗಿಲಿನಾಚೆ ಒಂದು ಪೆಟ್ಟಿಗೆ ಇದೆ, 950 ಪಾಯಿಂಟ್ ಕೊಟ್ಟರೆ ಯಾವುದೋ ಒಂದು ಬಂದೂಕು ಸಿಗುತ್ತದೆ. ಒಳ್ಳೆಯದೂ ಬರಬಹುದು, ಕೆಟ್ಟದ್ದೂ ಬರಬಹುದು.

ಈಗ ಲೆಕ್ಕ ಹಾಕಿ. ನಾಲ್ಕು ಜಾಂಬಿಗಳನ್ನು ಚಾಕುವಿನಲ್ಲಿ ಮುಗಿಸಿದರೆ 520. ಮೊದಲಿದ್ದ 500 ಸೇರಿ 1,020. ಬಾಗಿಲು ತೆರೆಯಬಹುದು. ಆದರೆ ತೆರೆದರೆ ಕೈಯಲ್ಲಿ ಉಳಿಯುವುದು 20. ಜೊತೆಗೆ ಆಚೆ ಕೋಣೆಯ ಕಿಟಕಿಗಳೂ ಈಗ ನಿಮ್ಮ ಪಾಲಿಗೆ ಬಂದವು, ಅಲ್ಲಿಂದಲೂ ಜಾಂಬಿಗಳು ಬರುತ್ತವೆ. ಓಡಾಡೋಕೆ ಜಾಗ ಜಾಸ್ತಿಯಾಯಿತು, ಕಾಯಬೇಕಾದ ಕಿಟಕಿಗಳೂ ಜಾಸ್ತಿಯಾದವು. ತೆರೆಯದೆ ಇದ್ದರೆ? ಗೋಡೆಯ ಮೇಲೆ 200 ಪಾಯಿಂಟಿಗೇ ಒಂದು ರೈಫಲ್ ಇದೆ, ಅದನ್ನು ತಗೊಂಡು ಇದ್ದಲ್ಲೇ ಗಟ್ಟಿಯಾಗಿ ನಿಲ್ಲಬಹುದು. ಆದರೆ ಮುಂದಿನ ಸುತ್ತುಗಳಲ್ಲಿ ಜಾಂಬಿಗಳು ಬಲವಾಗುತ್ತಾ ಹೋಗುತ್ತವೆ, ಚಿಕ್ಕ ಕೋಣೆಯಲ್ಲಿ ಮೂಲೆಗೆ ಸಿಕ್ಕಿಬೀಳುತ್ತೀರಿ.

ಮೂರನೇ ಕಾರಣ ಇದೇ. ಒಂದೇ ಪಾಯಿಂಟಿಗೆ ಎರಡು ಕಡೆಯಿಂದ ಬೇಡಿಕೆ ಇಟ್ಟರೆ ಸುಮ್ನೆ ಗುಂಡು ಹೊಡೆಯುವ ಆಟ ಯೋಚನೆ ಮಾಡುವ ಆಟವಾಗುತ್ತದೆ. ಪಳಗಿದವರು ಇಲ್ಲೊಂದು ಉಪಾಯ ಕಂಡುಕೊಂಡರು. ಮೊದಲು ಕಾಲಿಗೆ ಪಿಸ್ತೂಲಿನಿಂದ ಕೆಲವು ಗುಂಡು, ಒಂದೊಂದಕ್ಕೂ 10. ಸಾಯುವ ಹೊತ್ತಿಗೆ ಚಾಕು, 130. ಬೇಗ ಕೊಂದವನಿಗಿಂತ ನಿಧಾನವಾಗಿ ಕೊಂದವನಿಗೇ ಪಾಯಿಂಟ್ ಜಾಸ್ತಿ. ನೋಡುವವರಿಗೆ ವಿಚಿತ್ರ ಅನ್ನಿಸುತ್ತದೆ. ಆದರೆ ಪಾಯಿಂಟ್ ಯಾವುದಕ್ಕೆ ಸಿಗುತ್ತದೋ ಜನ ಅದನ್ನೇ ಮಾಡುತ್ತಾರೆ. ಮೀಟರ್ ಓಡುತ್ತಿರುವ ಆಟೋ ಯಾಕೆ ಸುತ್ತು ದಾರಿ ಹಿಡಿಯುತ್ತದೆ ಅಂತ ನಮಗೆ ಗೊತ್ತಿಲ್ವಾ?

ಬೆಲೆ ಏರುತ್ತಲೇ ಹೋಗುವುದೇಕೆ?

ಹುಡುಗ ಇನ್ನೊಂದು ದೂರು ಹೇಳಿದ. ಮೊದಲ ಸಲ ಇಂಜಿನ್ನಿಗೆ ಸ್ವಲ್ಪ ಕಾಯಿನ್ ಸಾಕಿತ್ತಂತೆ, ಈಗ ಅದೇ ಇಂಜಿನ್ನಿಗೆ ರಾಶಿ ಕೇಳುತ್ತದಂತೆ. ಮೋಸ ಅನ್ನೋದು ಅವನ ತೀರ್ಪು.

ಇದನ್ನು ಬಿಡಿಸಿ ನೋಡೋಕೆ 2013ರಲ್ಲಿ ಬಂದ ಕುಕಿ ಕ್ಲಿಕ್ಕರ್ ಸಾಕು. ಅದರಲ್ಲಿ ಬಿಸ್ಕತ್ತಿನ ಮೇಲೆ ಒತ್ತುತ್ತಾ ಇರುವುದೇ ಆಟ. ನಿಮ್ಮ ಬದಲು ತಾನೇ ಒತ್ತುವ ಕರ್ಸರ್ ಒಂದನ್ನು 15 ಬಿಸ್ಕತ್ತಿಗೆ ಕೊಳ್ಳಬಹುದು. ಅದು ಹತ್ತು ಸೆಕೆಂಡಿಗೆ ಒಂದು ಬಿಸ್ಕತ್ತು ಮಾಡುತ್ತದೆ. ಪ್ರತಿ ಸಲ ಕೊಂಡಾಗಲೂ ಮುಂದಿನದರ ಬೆಲೆ ಶೇಕಡಾ 15ರಷ್ಟು ಏರುತ್ತದೆ. ಕೇಳೋಕೆ ಚಿಲ್ಲರೆ. ಆದರೆ ಇದು ಚಕ್ರಬಡ್ಡಿ. ಹತ್ತನೇ ಕರ್ಸರಿಗೆ 53 ಆಗುತ್ತದೆ. ಐವತ್ತನೆಯದಕ್ಕೆ 14 ಸಾವಿರ ದಾಟುತ್ತದೆ.

ಹಾಕಿದ ಬಂಡವಾಳ ಯಾವಾಗ ವಾಪಸ್ ಬರುತ್ತದೆ ಅಂತ ನೋಡಿದರೆ ಗುಟ್ಟು ತಿಳಿಯುತ್ತದೆ. ಮೊದಲ ಕರ್ಸರ್ 150 ಸೆಕೆಂಡಿನಲ್ಲಿ, ಅಂದರೆ ಎರಡೂವರೆ ನಿಮಿಷದಲ್ಲಿ ತನ್ನ ಬೆಲೆ ದುಡಿದುಕೊಡುತ್ತದೆ. ಐವತ್ತನೆಯದು ಬೇರೆ ಸಹಾಯ ಇಲ್ಲದಿದ್ದರೆ ಸುಮಾರು 39 ಗಂಟೆ ತಗೊಳ್ಳುತ್ತದೆ. ಅದೇ ಪಕ್ಕದಲ್ಲಿ ಒಬ್ಬ ಅಜ್ಜಿ ಇದ್ದಾಳೆ, ಮೊದಲ ಅಜ್ಜಿಗೆ 100 ಬಿಸ್ಕತ್ತು. ಸೆಕೆಂಡಿಗೆ ಒಂದು ಬಿಸ್ಕತ್ತು ಬೇಯಿಸುತ್ತಾಳೆ. ನೂರು ಸೆಕೆಂಡಿನಲ್ಲಿ ಬಂಡವಾಳ ಕೈಗೆ. ಹಾಗಾದರೆ ಕರ್ಸರಿನ ಬೆಲೆ ಏರಿಸಿದ್ದು ನಿಮ್ಮನ್ನು ಕಾಯಿಸೋಕೆ ಮಾತ್ರ ಅಲ್ಲ, ಅಜ್ಜಿಯ ಕಡೆ ತಳ್ಳೋಕೆ. ಒಂದೇ ವಸ್ತುವನ್ನು ಕೊಳ್ಳುತ್ತಾ ಕೂರುವುದು ಬೇಸರ. ಬೆಲೆಯೇ ನಿಮ್ಮ ಕೈ ಹಿಡಿದು ಮುಂದಿನ ಅಂಗಡಿಗೆ ಕರೆದೊಯ್ಯುತ್ತದೆ.

ಈ ಏರಿಕೆ ಎಷ್ಟು ಕಡಿದಾಗಬಹುದು ಅನ್ನೋದಕ್ಕೆ ರೂನ್‌ಸ್ಕೇಪ್ ಅನ್ನೋ ಆನ್‌ಲೈನ್ ಆಟ ಆಡುವವರಲ್ಲಿ ಒಂದು ಹಳೆಯ ಮಾತಿದೆ: 92 ಅಂದರೆ 99ರ ಅರ್ಧ. ತಮಾಷೆಯಲ್ಲ. ಲೆವೆಲ್ 99ಕ್ಕೆ 1,30,34,431 ಎಕ್ಸ್‌ಪಿ ಬೇಕು. ಲೆವೆಲ್ 92 ಮುಟ್ಟಿದಾಗ ಆಗಿರುವುದು 65,17,253. ಮೊದಲ 92 ಲೆವೆಲ್ಲಿಗೆ ಪಟ್ಟಷ್ಟೇ ಪಾಡು ಕೊನೆಯ ಏಳಕ್ಕೆ.

ಕೊಂಬೆ ಆರಿಸಿದ ಮೇಲೆ

ಅಪ್‌ಗ್ರೇಡುಗಳನ್ನು ಪಟ್ಟಿಯಂತೆ ಇಡದೆ ಮರದಂತೆ ಇಟ್ಟರೆ ಅದಕ್ಕೆ ಸ್ಕಿಲ್ ಟ್ರೀ ಅಂತಾರೆ. ಬುಡದ ವಿದ್ಯೆ ಕಲಿಯದೆ ಮೇಲಿನ ಕೊಂಬೆಯದು ಸಿಗುವುದಿಲ್ಲ. ಸರಳೆ ಜಂಟಿ ವರಸೆ ಬಿಟ್ಟು ನೇರವಾಗಿ ವರ್ಣಕ್ಕೆ ಹಾರೋಕೆ ಸಂಗೀತದ ಮೇಷ್ಟ್ರು ಬಿಡುತ್ತಾರಾ? ಹಾಗೆ. 2000ದಲ್ಲಿ ಬಂದ ಡಯಾಬ್ಲೊ 2ರಲ್ಲಿ ಲೆವೆಲ್ಲಿಗೆ ಒಂದು ಪಾಯಿಂಟ್ ಸಿಗುತ್ತಿತ್ತು. ಹಾಕಿದ್ದು ಹಾಕಿದಂತೆ, ವಾಪಸ್ ಇಲ್ಲ. ತಿಂಗಳುಗಟ್ಟಲೆ ಆಡಿದ ಮೇಲೆ ತಪ್ಪು ಕೊಂಬೆ ಹಿಡಿದೆ ಅಂತ ಗೊತ್ತಾದರೆ ಹೊಸ ಪಾತ್ರ ಮಾಡಿ ಮೊದಲಿನಿಂದ ಆಡಬೇಕು. ಪಾಯಿಂಟ್ ವಾಪಸ್ ಪಡೆಯುವ ಸೌಲಭ್ಯ ಬಂದದ್ದು 2010ರಲ್ಲಿ! ಈಗಿನ ಬಹಳಷ್ಟು ಆಟಗಳಲ್ಲಿ ಸ್ವಲ್ಪ ದಂಡ ಕಟ್ಟಿ ಮರು ಹಂಚಿಕೆ ಮಾಡಿಕೊಳ್ಳಬಹುದು. ಆಟಗಾರರು ಇದನ್ನು ರೆಸ್ಪೆಕ್ ಅನ್ನುತ್ತಾರೆ.

ಕೂಡಿಟ್ಟರೆ ಕಷ್ಟ

ಕೊಡುವ ಪಾಯಿಂಟಿಗೆ ಒಂದು ಕಾಯಿಲೆ ಇದೆ. ಜನ ಕೂಡಿಡುತ್ತಾರೆ. ಮುಂದೆ ಬೇಕಾಗಬಹುದು ಅಂತ ಖರ್ಚೇ ಮಾಡುವುದಿಲ್ಲ. ಅಲಮಾರಿನಲ್ಲಿಟ್ಟ ಹೊಸ ಸೀರೆಯ ಕಥೆ. ಇದಕ್ಕೆ ಆಟ ಮಾಡುವವರು ಬೇರೆ ಬೇರೆ ಮದ್ದು ಹುಡುಕಿದ್ದಾರೆ. 2011ರ ಡಾರ್ಕ್ ಸೋಲ್ಸ್‌ನಲ್ಲಿ ಎಕ್ಸ್‌ಪಿ ಮತ್ತು ದುಡ್ಡು ಎರಡೂ ಒಂದೇ, ಹೆಸರು ಸೋಲ್ಸ್. ಸತ್ತರೆ ಕೈಯಲ್ಲಿದ್ದದ್ದೆಲ್ಲ ಸತ್ತ ಜಾಗದಲ್ಲೇ ಬೀಳುತ್ತದೆ. ಮತ್ತೆ ಅಲ್ಲಿಗೆ ಹೋಗಿ ಎತ್ತಿಕೊಳ್ಳಬಹುದು. ದಾರಿಯಲ್ಲಿ ಇನ್ನೊಮ್ಮೆ ಸತ್ತರೆ ಅಷ್ಟೂ ಹೋಯಿತು.

ನನಗೆ ಇಷ್ಟವಾದದ್ದು 2013ರ ರೋಗ್ ಲೆಗಸಿಯ ಉಪಾಯ. ಅಲ್ಲಿ ನೀವು ಕೋಟೆಗೆ ನುಗ್ಗಿ, ಚಿನ್ನ ದೋಚಿ, ಸಾಯುತ್ತೀರಿ. ಚಿನ್ನ ನಿಮ್ಮ ವಾರಸುದಾರನಿಗೆ ಸೇರುತ್ತದೆ. ಅವನು ಅದರಲ್ಲಿ ಮನೆತನವನ್ನು ಬಲಪಡಿಸಿ ಮತ್ತೆ ಕೋಟೆಗೆ ಹೊರಡುತ್ತಾನೆ. ಬಾಗಿಲಲ್ಲಿ ಕಾವಲುಗಾರ ಕೈಚಾಚಿ ನಿಂತಿರುತ್ತಾನೆ. ಖರ್ಚು ಮಾಡದೆ ಉಳಿಸಿಕೊಂಡ ಅಷ್ಟೂ ಚಿನ್ನ ಅವನಿಗೆ. ಸಾಮಾನ್ಯ ಟೋಲಿನಲ್ಲಿ ಗಾಡಿಗೆ ಇಷ್ಟು ಅಂತ ಇರುತ್ತದೆ, ಇಲ್ಲಿ ಜೇಬಿನಲ್ಲಿ ಎಷ್ಟಿದೆಯೋ ಅಷ್ಟು. ಎರಡು ಸಲ ಹೀಗೆ ಕಳಕೊಂಡ ಮೇಲೆ ಯಾರೂ ಕೂಡಿಡುವುದಿಲ್ಲ.

ನಿಜವಾದ ದುಡ್ಡು ಎಲ್ಲಿಂದ ನುಗ್ಗುತ್ತದೆ?

ಈಗ ಅಕ್ಕನ ಎರಡನೇ ಪ್ರಶ್ನೆ. ಮೇಲೆ ಹೇಳಿದ ಹೆಚ್ಚಿನ ಆಟಗಳಲ್ಲಿ ಪಾಯಿಂಟ್ ಸಿಗುವುದು ಆಡಿದರೆ ಮಾತ್ರ. ಫೋನಿನಲ್ಲಿ ಉಚಿತವಾಗಿ ಸಿಗುವ ಆಟಗಳಲ್ಲಿ ಸಾಮಾನ್ಯವಾಗಿ ಎರಡು ಥರದ ನಾಣ್ಯ ಇರುತ್ತವೆ. ಒಂದು ಆಡಿ ಗಳಿಸುವುದು. ಇನ್ನೊಂದು ಆಡಿದರೆ ಅಪರೂಪಕ್ಕೆ ಸಿಗುವುದು, ದುಡ್ಡು ಕೊಟ್ಟರೆ ಎಷ್ಟು ಬೇಕಾದರೂ ಸಿಗುವುದು. ಕ್ಲ್ಯಾಶ್ ಆಫ್ ಕ್ಲ್ಯಾನ್ಸ್‌ನಲ್ಲಿ ಚಿನ್ನ ಮತ್ತು ಎಲಿಕ್ಸರ್ ಮೊದಲ ಜಾತಿ, ಹಸಿರು ಜೆಮ್ ಎರಡನೆಯದು. ಅಲ್ಲಿ ಕಟ್ಟಡ ಕಟ್ಟೋಕೆ ಚಿನ್ನ ಇದ್ದರೆ ಸಾಲದು, ಗಂಟೆಗಟ್ಟಲೆ, ಮುಂದೆ ಮುಂದೆ ದಿನಗಟ್ಟಲೆ ಕಾಯಬೇಕು. ಜೆಮ್ ಕೊಟ್ಟರೆ ಈಗಲೇ ಮುಗಿಯುತ್ತದೆ. ಅಂದರೆ ಅಲ್ಲಿ ನಿಜವಾಗಿ ಮಾರುತ್ತಿರುವುದು ಕಟ್ಟಡವನ್ನಲ್ಲ, ಕಾಯುವುದರಿಂದ ಬಿಡುಗಡೆಯನ್ನು.

ರೂಪಾಯಿ ಮೊದಲು ಜೆಮ್ ಆಗುತ್ತದೆ, ಜೆಮ್ ಆಮೇಲೆ ಕಟ್ಟಡವಾಗುತ್ತದೆ. ನಡುವೆ ಈ ಒಂದು ಹೆಜ್ಜೆ ಇರುವುದರಿಂದ ಎಷ್ಟು ಖರ್ಚಾಯಿತು ಅನ್ನೋದು ಮರೆಯುತ್ತದೆ. ಜಾತ್ರೆಯಲ್ಲಿ ಮೊದಲು ಕೂಪನ್ ಕೊಂಡು ಆಮೇಲೆ ತಿಂಡಿ ತಿಂದಾಗ ಕೈ ಸಡಿಲವಾಗುತ್ತದಲ್ಲ, ಅದೇ ಇಲ್ಲೂ.

ಈ ಲೆಕ್ಕ ಅತಿಯಾದರೆ ಆಟಗಾರರು ಸುಮ್ಮನಿರುವುದಿಲ್ಲ. 2017ರ ನವೆಂಬರ್‌ನಲ್ಲಿ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಬಿಡುಗಡೆಯಾಗುವ ಹೊತ್ತಿಗೆ ಸಿನಿಮಾದ ಖಳನಾಯಕ ಡಾರ್ತ್ ವೇಡರ್ ಪಾತ್ರ ತೆರೆಯೋಕೆ 60,000 ಕ್ರೆಡಿಟ್ ಬೇಕಿತ್ತು. ಆಟಗಾರರು ಕೂತು ಲೆಕ್ಕ ಹಾಕಿದರು, ಸುಮಾರು 40 ಗಂಟೆ ಆಡಬೇಕು. ಪೂರ್ತಿ ಬೆಲೆ ಕೊಟ್ಟು ಕೊಂಡ ಆಟದಲ್ಲಿ ಇದೇನು ಅಂತ ಗಲಾಟೆಯಾಯಿತು. ಕಂಪನಿ ಬೆಲೆಯನ್ನು 15,000ಕ್ಕೆ ಇಳಿಸಿತು. ಬಿಡುಗಡೆಗೆ ಮುನ್ನವೇ ಆಟದೊಳಗಿನ ಖರೀದಿಯನ್ನೂ ನಿಲ್ಲಿಸಿತು.

ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಗೆ ಒಪ್ಪಿಗೆ ಕೊಟ್ಟ ಮೇಲೆ, ಕಾಯಿನ್ ಇರುವ ಆಟಗಳೆಲ್ಲ ಬಂದ್ ಅಂತ ಹಲವರು ಅಂದುಕೊಂಡರು. ಅದು ಹಾಗಲ್ಲ. ಕಾಯ್ದೆ ನಿಷೇಧಿಸಿದ್ದು ಹಣ ಕಟ್ಟಿ, ಹಣ ಅಥವಾ ಅದಕ್ಕೆ ಸಮನಾದದ್ದನ್ನು ಗೆಲ್ಲುವ ಆಸೆಯಿಂದ ಆಡುವ ಆಟಗಳನ್ನು. ಜೀಪಿಗೆ ಟೈರ್ ಹಾಕಿಸುವ ಕಾಯಿನ್ ಆ ಸಾಲಿಗೆ ಸೇರುವುದಿಲ್ಲ. ಅದನ್ನು ವಾಪಸ್ ರೂಪಾಯಿ ಮಾಡಿಕೊಳ್ಳೋಕೆ ಬರುವುದಿಲ್ಲ.

ಅಕ್ಕನಿಗೆ ಎರಡು ಕಡೆ ನೋಡೋಕೆ ಹೇಳಿದೆ. ಪ್ಲೇ ಸ್ಟೋರಿನಲ್ಲಿ ಆಟದ ಹೆಸರಿನ ಹತ್ತಿರವೇ ಇನ್-ಆ್ಯಪ್ ಪರ್ಚೇಸಸ್ ಅಂತ ಬರೆದಿದ್ದರೆ ಅದರಲ್ಲಿ ದುಡ್ಡಿನ ಬಾಗಿಲು ಇದೆ ಅಂತ ಅರ್ಥ. ಅದೇ ಪ್ಲೇ ಸ್ಟೋರಿನ ಸೆಟ್ಟಿಂಗಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವಂತೆ ಮಾಡಬಹುದು. ನನ್ನ ಫೋನಿನಲ್ಲಿ ಹಾಗೇ ಇದೆ, ಅದಕ್ಕೇ ನಿಶ್ಚಿಂತೆಯಿಂದ ಕೊಟ್ಟಿದ್ದೆ.

ಊಟ ಆದ ಮೇಲೆ ಚಂದ್ರ ಓಪನ್ ಆಯಿತು. ಕೂಡಿಟ್ಟ ಕಾಯಿನ್ನೆಲ್ಲ ಅದಕ್ಕೇ ಸುರಿದಿದ್ದ, ಜೀಪಿನ ಇಂಜಿನ್ನೂ ಟೈರೂ ಹಳೆಯವೇ. ಚಂದ್ರನ ಮೇಲೆ ಸೆಳೆತ ಕಮ್ಮಿ. ಎರಡನೇ ದಿಣ್ಣೆ ದಾಟುತ್ತಿದ್ದಂತೆ ಜೀಪ್ ಗಾಳಿಯಲ್ಲಿ ನಿಧಾನವಾಗಿ ಒಂದು ಪಲ್ಟಿ ಹೊಡೆದು ತಲೆಕೆಳಗಾಗಿ ಇಳಿಯಿತು. ಹುಡುಗ ನನ್ನ ಮುಖ ನೋಡಿದ. "ಮೊದ್ಲು ಸಸ್ಪೆನ್ಷನ್ನಿಗೆ ಹಾಕ್ಬೇಕಿತ್ತು ಅಲ್ವಾ ಮಾಮ" ಅಂದವನೇ ಮತ್ತೆ ಹಳ್ಳಿ ರಸ್ತೆಗೆ ಹೋಗಿ ಕಾಯಿನ್ ಆರಿಸೋಕೆ ಶುರುಮಾಡಿದ.